ಕಪ್ಪೆ ಕೂಗುವುದು ಮಳೆಗಾಗಿಯೇ? ತೋಟದ ‘ಟಿಣ್ ಟಿಣ್’ ಯಾರದು?

ಕಾನುಮನೆ · ಜೂನ್ 9, ರಾತ್ರಿ 9:42

ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಮೃಗಶಿರ ಮಳೆ ಹಿಡಿದ ಮೇಲೆ ರಾತ್ರಿ ಊಟಕ್ಕೆ ಕುಳಿತವರನ್ನು ಮಾತನಾಡಿಸಬೇಕಾದರೂ ದನಿ ಏರಿಸಬೇಕಾಗಿದೆ. ಹೊರಗೆ ಕಪ್ಪೆಗಳ ಗದ್ದಲ ಅಷ್ಟಿದೆ. ಆದರೆ ಕಿವಿಗೊಟ್ಟು ಕೇಳಿದರೆ ಅದು ಒಂದೇ ಗದ್ದಲವಲ್ಲ.

ಬಚ್ಚಲುಮನೆಯ ಹಿಂದಿನ ನೀರಿನ ತೊಟ್ಟಿಯಿಂದ ‘ಟಕ್ ಟಕ್ ಟಕ್’ ಎಂಬ ಒಣ ಸದ್ದು. ಗದ್ದೆಯ ಕಡೆಯಿಂದ ದಪ್ಪ ದನಿಯ ‘ಟ್ರೊಂಯ್’. ಇದು ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಹಾಡಹಗಲೇ ಶುರುವಾಯಿತು. ಹೋಗಿ ನೋಡಿದರೆ ನಿಂಬೆಹಣ್ಣಿನ ಬಣ್ಣದ ದೊಡ್ಡ ದೊಡ್ಡ ಕಪ್ಪೆಗಳು ನೀರಿನಲ್ಲಿ ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ನನ್ನ ತಲೆ ತಿನ್ನುತ್ತಿರುವುದು ಮೂರನೆಯದು. ಅಡಿಕೆ ತೋಟದಲ್ಲಿ ಕಾಳುಮೆಣಸಿನ ಬಳ್ಳಿಯೊಳಗಿಂದ, ಹೆಚ್ಚುಕಡಿಮೆ ಎದೆಮಟ್ಟದಲ್ಲಿ, ‘ಟಿಣ್... ಟಿಣ್... ಟಿಣ್’ ಎಂದು ಲೋಹದ ದನಿ. ಹತ್ತಿರದಲ್ಲಿ ಹೊಂಡವಿಲ್ಲ, ಕಾಲುವೆಯಿಲ್ಲ. ಟಾರ್ಚ್ ಹಿಡಿದು ಹೋದರೆ ನಿಲ್ಲುತ್ತದೆ, ಬೆನ್ನು ತಿರುಗಿಸಿದರೆ ಮತ್ತೆ ಶುರುವಾಗುತ್ತದೆ.

ನಮ್ಮ ಅತ್ತೆಯವರ ಪ್ರಕಾರ ಕಪ್ಪೆ ಕೂಗುವುದು ಮಳೆಯನ್ನು ಕರೆಯಲು. ಮಗಳ ಪಾಠಪುಸ್ತಕದ ಪ್ರಕಾರ ಗಂಡು ಹೆಣ್ಣನ್ನು ಕರೆಯಲು. ಹಾಗಾದರೆ ಫೆಬ್ರವರಿಯ ಮಧ್ಯಾಹ್ನ ಹೆಂಚಿನ ಸಂದಿಯಿಂದ ಒಂಟಿಯಾಗಿ ಎರಡು ಸಲ ಕೂಗಿ ಸುಮ್ಮನಾಗುವ ಕಪ್ಪೆ ಯಾರನ್ನು ಕರೆಯುತ್ತದೆ? ತಿಳಿದವರು ಹೇಳಬೇಕು.

ತೋಟದಮಾವ · ಜೂನ್ 9, ರಾತ್ರಿ 10:15

ನಿಮ್ಮ ಅತ್ತೆಯವರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ ತಂಗೀ. ಶೃಂಗೇರಿ ಕಡೆಯಲ್ಲಿ ನಾವು ಮಳೆ ನಕ್ಷತ್ರವನ್ನು ಪಂಚಾಂಗ ನೋಡಿ ಎಷ್ಟು ತಿಳಿಯುತ್ತೇವೋ ಕಪ್ಪೆಯ ಕೂಗಿನಿಂದಲೂ ಅಷ್ಟೇ ತಿಳಿಯುತ್ತೇವೆ. ಭರಣಿ, ಕೃತ್ತಿಕೆಯಲ್ಲಿ ಎರಡು ಅಡ್ಡಮಳೆ ಬಿದ್ದರೆ ಸಾಕು, ಗಿಡದ ಮೇಲಿನ ಸಣ್ಣವು ಶುರುಮಾಡುತ್ತವೆ. ಗದ್ದೆಯಲ್ಲಿ ನೀರು ನಿಲ್ಲುವವರೆಗೆ ದೊಡ್ಡವು ಬಾಯಿ ಬಿಡುವುದಿಲ್ಲ. ಆರಿದ್ರೆಯಲ್ಲಿ ಎಲ್ಲವೂ ಒಟ್ಟಿಗೆ. ಆಶ್ಲೇಷ ದಾಟಿದ ಮೇಲೆ ಗದ್ದೆ ತಣ್ಣಗಾಗುತ್ತದೆ, ಹಳ್ಳದ ಕಡೆಯವು ಮಾತ್ರ ಉಳಿಯುತ್ತವೆ. ಸಂಜೆ ಕಪ್ಪೆ ಕೂಗಿ ರಾತ್ರಿ ಮಳೆ ಹೊಡೆದದ್ದನ್ನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ. ಪುಸ್ತಕದವರು ಏನಾದರೂ ಹೇಳಲಿ.

ನಿವೃತ್ತ_ಮೇಷ್ಟರು · ಜೂನ್ 9, ರಾತ್ರಿ 11:30

ಪುಸ್ತಕದವನು ಬಂದಿದ್ದೇನೆ ಮಾವ. ನಿಮ್ಮ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಅದರ ಕಾರಣದಲ್ಲಷ್ಟೇ ನನ್ನ ತಕರಾರು.

ಕೂಗು ಹುಟ್ಟುವ ಬಗೆಯಿಂದ ಶುರುಮಾಡುತ್ತೇನೆ, ಉಳಿದದ್ದೆಲ್ಲ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ. ಮಾವನವರು ‘ಬಾಯಿ ಬಿಡುವುದಿಲ್ಲ’ ಎಂದರು. ನಿಜವಾಗಿ ಕಪ್ಪೆ ಬಾಯಿಯನ್ನೂ ಮೂಗಿನ ಹೊಳ್ಳೆಗಳನ್ನೂ ಮುಚ್ಚಿಕೊಂಡೇ ಕೂಗುತ್ತದೆ. ಪಕ್ಕೆಯ ಸ್ನಾಯುಗಳು ಬಿಗಿಯುತ್ತವೆ, ಶ್ವಾಸಕೋಶದ ಗಾಳಿ ಧ್ವನಿಪೆಟ್ಟಿಗೆಯನ್ನು ನಡುಗಿಸಿ ಗಂಟಲ ಕೆಳಗಿನ ಚೀಲಕ್ಕೆ ನುಗ್ಗುತ್ತದೆ. ಚೀಲದ ತೆಳು ಚರ್ಮದ ಮೂಲಕ ಸದ್ದು ಹೊರಗೆ ಹರಡುತ್ತದೆ, ಗಾಳಿ ಮಾತ್ರ ಒಳಗೇ ಉಳಿದು ಹಿಂದಕ್ಕೆ ಬರುತ್ತದೆ. ಅದೇ ಗಾಳಿಯನ್ನು ಆಚೀಚೆ ಆಡಿಸುತ್ತ ಗಂಟೆಗಟ್ಟಲೆ ಕೂಗಬಹುದು. ಚೀಲ ಇರುವುದು ಗಂಡಿಗೆ. ಆದ್ದರಿಂದ ನಿಮ್ಮ ಊಟದ ಹೊತ್ತಿನ ಗದ್ದಲವೆಲ್ಲ ಬಹುಮಟ್ಟಿಗೆ ಗಂಡಸರದೇ.

ಇದು ಪುಕ್ಕಟೆ ಕೆಲಸವಲ್ಲ. ಕೂಗುವ ರಾತ್ರಿಗಳಲ್ಲಿ ಗಂಡು ಖರ್ಚುಮಾಡುವ ಶಕ್ತಿ ಸುಮ್ಮನೆ ಕುಳಿತಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಹಾವು, ಗೂಬೆ, ಬಾವಲಿಗಳಿಗೆ ವಿಳಾಸ ಕೊಟ್ಟಂತಾಗುವುದು ಬೇರೆ. ಇಷ್ಟು ದುಬಾರಿಯಾದ ಕೆಲಸವನ್ನು ಯಾವ ಪ್ರಾಣಿಯೂ ಹೊತ್ತಲ್ಲದ ಹೊತ್ತಿನಲ್ಲಿ ಮಾಡುವುದಿಲ್ಲ. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ, ಅದರ ಚರ್ಮವೂ ಬೇಗ ಒಣಗುವಂಥದ್ದು. ಗಾಳಿಯಲ್ಲಿ ತೇವ ಏರಿದಾಗ ಅದು ಹೊರಗೆ ಬರುತ್ತದೆ, ಮೊಟ್ಟೆ ಉಳಿಯುವ ಪರಿಸ್ಥಿತಿ ಇದ್ದಾಗ ಕೂಗುತ್ತದೆ. ಮಳೆ ಬರುವ ಮುನ್ನವೂ ತೇವ ಏರುತ್ತದೆ. ಹಾಗಾಗಿ ಮಾವನವರು ಕಂಡದ್ದು ನಿಜ: ಕೂಗಿನ ಹಿಂದೆಯೇ ಮಳೆ ಬರುತ್ತದೆ. ಆದರೆ ಕೂಗಿದ್ದಕ್ಕೆ ಬಂದದ್ದಲ್ಲ.

ಈಗ ಕಾನುಮನೆಯವರ ಪಟ್ಟಿ. ತೊಟ್ಟಿಯದ್ದು ಸಾಮಾನ್ಯ ಮರಗಪ್ಪೆ ಇರಬೇಕು, ಬೇಸಿಗೆಯಲ್ಲಿ ಬಚ್ಚಲುಮನೆಗೆ ಬಂದು ಗೋಡೆಗೆ ಅಂಟಿ ಕೂರುವ ಕಂದು ಬಣ್ಣದ್ದು. ತೊಟ್ಟಿಯ ಗೋಡೆಯಲ್ಲಿ ಬಿಳಿ ನೊರೆಯ ಮುದ್ದೆ ಕಂಡರೆ ತೊಳೆಯಬೇಡಿ, ಮೊಟ್ಟೆ ಅದರೊಳಗಿರುತ್ತದೆ. ಗೊದಮೊಟ್ಟೆಗಳು ಅಲ್ಲಿಂದ ಕೆಳಗಿನ ನೀರಿಗೆ ಬೀಳುತ್ತವೆ.

ಗದ್ದೆಯ ಹಳದಿಯವು ನಮ್ಮ ದೊಡ್ಡ ಗೂಳಿಗಪ್ಪೆಗಳು. ಉಳಿದ ದಿನಗಳಲ್ಲಿ ಮಾಸಲು ಹಸಿರು. ಮೊದಲ ಭಾರಿ ಮಳೆಗೆ ಗಂಡು ಮಾತ್ರ ಹಳದಿಯಾಗುತ್ತದೆ, ಕೂಗುವಾಗ ದವಡೆಯ ಎರಡು ಬದಿ ನೀಲಿ ಚೀಲಗಳು ಉಬ್ಬುತ್ತವೆ. ಅವುಗಳ ಸಂತೆ ಕೆಲವೇ ದಿನಗಳದು. ಅಷ್ಟರಲ್ಲೇ ಎಲ್ಲ ಮುಗಿಯಬೇಕಾದ್ದರಿಂದ ಹಗಲು ರಾತ್ರಿ ನೋಡುವುದಿಲ್ಲ. ಮರಗಪ್ಪೆಯಂಥವು ಬೇರೆ ಜಾತಿ: ತಿಂಗಳುಗಟ್ಟಲೆ, ರಾತ್ರಿಯಿಂದ ರಾತ್ರಿಗೆ, ತಾಳ್ಮೆಯಿಂದ ಕೂಗುತ್ತವೆ.

‘ಟಿಣ್ ಟಿಣ್’ ಬಗ್ಗೆ ಅನುಮಾನವಿದೆ, ಆದರೆ ಮೊದಲು ಪ್ರಾಣಿಯ ಅಳತೆ ಬೇಕು.

ಬಡಾವಣೆ_ನಿವಾಸಿ · ಜೂನ್ 10, ಬೆಳಿಗ್ಗೆ 6:50

ನೀವೆಲ್ಲ ಕವಿಗಳು. ನಮ್ಮ ಕಷ್ಟ ಕೇಳಿ. ಬೆಂಗಳೂರಿನ ಉತ್ತರಕ್ಕೆ ಹೊಸ ಬಡಾವಣೆ. ಪಕ್ಕದ ಖಾಲಿ ನಿವೇಶನದಲ್ಲಿ ಪಾಯ ತೆಗೆದು ಬಿಟ್ಟಿದ್ದಾರೆ, ಅದರಲ್ಲಿ ನೀರು. ಎರಡು ರಾತ್ರಿಯಿಂದ ನಿದ್ದೆಯಿಲ್ಲ. ನಿಲ್ಲಿಸಲು ಏನಾದರೂ ಉಪಾಯವಿದ್ದರೆ ತಿಳಿಸಿ. ಫಿನಾಯಿಲ್ ಸುರಿದರೆ ಹೋಗುತ್ತವೆ ಎಂದು ಒಬ್ಬರು ಹೇಳಿದರು.

ನಿವೃತ್ತ_ಮೇಷ್ಟರು · ಜೂನ್ 10, ಬೆಳಿಗ್ಗೆ 7:20

ಫಿನಾಯಿಲ್ ಸುರಿದರೆ ಹೋಗುವುದಿಲ್ಲ, ಸಾಯುತ್ತವೆ. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ, ಉಸಿರಾಟದ ಒಂದು ಭಾಗವೂ ಚರ್ಮದಿಂದಲೇ. ಒಂದು ವಾರ ಹತ್ತಿ ಇಟ್ಟುಕೊಂಡು ಮಲಗಿ, ತಾವಾಗಿಯೇ ನಿಲ್ಲಿಸುತ್ತವೆ. ನೀವು ಹೇಳಿದ ಪಾಯದ ಹೊಂಡ ಗೂಳಿಗಪ್ಪೆಗೆ ಹೇಳಿ ಮಾಡಿಸಿದ ಜಾಗ.

ಅಂದ ಹಾಗೆ, ನಿಮ್ಮ ಊರಿನ ಹೆಸರಿನ ಕಪ್ಪೆಯೇ ಒಂದಿದೆ, ಗೊತ್ತೆ? ರಾಜಾನುಕುಂಟೆ ಬಳಿ ಸಿಕ್ಕ ಬಿಲಗಪ್ಪೆಗೆ 2020ರಲ್ಲಿ ‘ಸ್ಫೇರೋಥೀಕಾ ಬೆಂಗಳೂರು’ ಎಂದು ಹೆಸರಿಟ್ಟರು. ವರ್ಷದ ಬಹುಪಾಲು ಮಣ್ಣಿನೊಳಗಿರುತ್ತದೆ. ಅದರ ಬೀಡಿನ ಮೇಲೆಯೇ ನಿಮ್ಮ ಬಡಾವಣೆ ಎದ್ದಿದ್ದರೂ ಆಶ್ಚರ್ಯವಿಲ್ಲ.

ಮುರಕಲ್ಲು · ಜೂನ್ 10, ಬೆಳಿಗ್ಗೆ 10:05

ಮಣಿಪಾಲದಿಂದ. ಕೂಗಿನಿಂದಲೇ ಬೆಳಕಿಗೆ ಬಂದ ಎರಡು ಕಪ್ಪೆಗಳ ವಿಷಯ ಇಲ್ಲಿ ಹೇಳಲೇಬೇಕು, ಎರಡೂ ನಮ್ಮ ಕರಾವಳಿಯವು.

ಒಂದು, ಮುರಕಲ್ಲಿನ (ಲ್ಯಾಟರೈಟ್) ಬಯಲಿನಲ್ಲಿ ಇರುವ ಪುಟಾಣಿ. ಉದ್ದ ಎರಡು ಸೆಂಟಿಮೀಟರ್ ಕೂಡ ಇಲ್ಲ. ಅದರ ಕೂಗು ಚಿಮ್ಮಂಡೆ ಹುಳುವಿನ ‘ಕಿರ್ರ್’ ಇದ್ದ ಹಾಗೆಯೇ ಇದೆ. ಯಾರಾದರೂ ಹುಳ ಎಂದುಕೊಂಡು ಮುಂದೆ ಹೋಗುವಂಥದ್ದು. ಮಣಿಪಾಲದ ಸುತ್ತಮುತ್ತ ಇಂಥ ಬಯಲುಗಳ ಜೀವಿಗಳನ್ನು ದಾಖಲಿಸುತ್ತಿದ್ದಾಗ ಇದು ಗಮನಕ್ಕೆ ಬಂದು, 2016ರಲ್ಲಿ ‘ಮೈಕ್ರೋಹೈಲಾ ಲ್ಯಾಟರೈಟ್’ ಎಂಬ ಹೆಸರು ಪಡೆಯಿತು. ಸರ್ಕಾರಿ ಕಡತಗಳಲ್ಲಿ ಈ ಮುರಕಲ್ಲಿನ ಬಯಲುಗಳಿಗೆ ‘ಪಾಳುಭೂಮಿ’ ಎನ್ನುತ್ತಾರೆ ಎಂಬುದನ್ನು ಸುಮ್ಮನೆ ನೆನಪಿಸುತ್ತಿದ್ದೇನೆ.

ಇನ್ನೊಂದು ಅದೇ ವರ್ಷ ಉತ್ತರ ಕನ್ನಡದಿಂದ ವರದಿಯಾದ ಕರಾವಳಿ ಕಪ್ಪೆ. ಗೋಕರ್ಣದ ಹತ್ತಿರ ಸಾಣಿಕಟ್ಟಾ ಕಡೆ ಅರಣ್ಯ ಇಲಾಖೆಯ ಸಿಬ್ಬಂದಿಯೊಬ್ಬರಿಗೆ ರಾತ್ರಿ ಹೊತ್ತು ಮಿಂಚುಳ್ಳಿಯ ಕೂಗು ಕೇಳಿಸಿತಂತೆ. ಮಿಂಚುಳ್ಳಿ ರಾತ್ರಿ ಏಕೆ ಕೂಗುತ್ತದೆ ಎಂದು ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಕಪ್ಪೆ. ಆ ಒಂದು ಪ್ರಶ್ನೆ ಕೇಳಿಕೊಂಡರಲ್ಲ, ಅದು ನನಗೆ ಬಹಳ ಇಷ್ಟ.

2018ರಲ್ಲಿ ಮಂಗಳೂರು ನಗರದಲ್ಲಿಯೇ ಇನ್ನೊಂದು ಸಣ್ಣ ಕಪ್ಪೆ ಸಿಕ್ಕಿತು. ಊರಿನ ಕೊಂಕಣಿ ಹೆಸರಿನಿಂದ ಅದನ್ನು ‘ಕೊಡಿಯಾಲ್’ ಎಂದು ಕರೆದರು.

ತೋಟದಮಾವ · ಜೂನ್ 10, ಮಧ್ಯಾಹ್ನ 1:30

ಮೇಷ್ಟರೇ, ಬಾಯಿ ಮುಚ್ಚಿ ಕೂಗುತ್ತದೆ ಎಂದಿರಿ. ಹಾಗಾದರೆ ಇದಕ್ಕೇನು ಹೇಳುತ್ತೀರಿ? ಮೊನ್ನೆ ಗದ್ದೆಯ ಬದುವಿನಲ್ಲಿ ನೀರೊಳ್ಳೆ ಹಾವು ಕಪ್ಪೆಯ ಹಿಂಗಾಲು ಹಿಡಿದಿತ್ತು. ಕಪ್ಪೆ ಮುಂಗಾಲನ್ನು ಹುಲ್ಲಿಗೆ ಒತ್ತಿ ಮೈ ಉಬ್ಬಿಸಿಕೊಂಡು, ಬಾಯಿಯನ್ನು ಅಗಲವಾಗಿ ತೆರೆದು ಕಿರುಚುತ್ತಿತ್ತು. ನಾಲಗೆಯ ಬುಡ ಕಾಣುತ್ತಿತ್ತು. ಸದ್ದು ಎಳೆಯ ಮಗುವಿನದೇ. ಹಾವು ಹಿಡಿತ ಬದಲಿಸಿದಾಗಲೆಲ್ಲ ಒಂದು ಕ್ಷಣ ನಿಂತು ಮತ್ತೆ ಶುರು. ನಮ್ಮ ಮನೆಯ ನಾಯಿ ಓಡಿ ಬಂತು, ಹಾವು ಬಿಟ್ಟು ನೀರಿಗೆ ಜಾರಿತು, ಕಪ್ಪೆ ಕುಂಟುತ್ತ ಹೋಯಿತು. ಅದು ಗಂಡೋ ಹೆಣ್ಣೋ ನಾನು ನೋಡಲಿಲ್ಲ.

ನಿವೃತ್ತ_ಮೇಷ್ಟರು · ಜೂನ್ 10, ಸಂಜೆ 5:10

ಬಾಯಿ ತೆರೆದು ಕೂಗುವ ಆ ಒಂದು ಸಂದರ್ಭವನ್ನು ನೀವೇ ತೋರಿಸಿಕೊಟ್ಟಿರಿ ಮಾವ. ಅದು ಆಪತ್ತಿನ ಕೂಗು. ಗಂಡು, ಹೆಣ್ಣು, ಮರಿ ಯಾವುದಾದರೂ ಕೂಗಬಹುದು. ಕೇಳಿದ ಇನ್ನೊಂದು ಬೇಟೆಗಾರ ಓಡಿಬಂದು ಹಿಡಿದವನ ಗಮನ ತಪ್ಪಿಸಲಿ ಎಂಬುದು ಅದರ ಲಾಭ ಎಂದು ಒಂದು ವಾದವಿದೆ. ನಿಮ್ಮ ನಾಯಿ ಅದನ್ನೇ ಮಾಡಿದೆ.

ಕಪ್ಪೆಗೆ ಒಂದೇ ಕೂಗಲ್ಲ. ನಾವು ರಾತ್ರಿ ಕೇಳುವುದರಲ್ಲಿ ಹೆಚ್ಚಿನದು ಜಾಹೀರಾತಿನ ಕೂಗು: ‘ನಾನು ಇಂಥ ಜಾತಿಯವನು, ಇಲ್ಲಿದ್ದೇನೆ, ಇಷ್ಟು ದೊಡ್ಡವನು’. ದೊಡ್ಡ ಮೈಗೆ ದಪ್ಪ ದನಿ, ಸಣ್ಣ ಮೈಗೆ ಕೀಚಲು. ಪಕ್ಕದ ಗಂಡು ತೀರಾ ಹತ್ತಿರ ಬಂದರೆ ಕೂಗಿನ ಧಾಟಿ ಬದಲಾಗುತ್ತದೆ, ಚಿಕ್ಕದಾಗಿ ಒರಟಾಗುತ್ತದೆ, ಅದು ಬೆದರಿಕೆ. ಮೂರನೆಯದು ಎಲ್ಲಕ್ಕಿಂತ ತಮಾಷೆಯದು. ಸಂತೆಯ ಗಡಿಬಿಡಿಯಲ್ಲಿ ಗಂಡು ಕೈಗೆ ಸಿಕ್ಕಿದ್ದನ್ನೆಲ್ಲ ಅಪ್ಪಿಕೊಳ್ಳುತ್ತದೆ. ಅಪ್ಪಿಸಿಕೊಂಡದ್ದೂ ಗಂಡಾಗಿದ್ದರೆ ಅದು ‘ಟಿಕ್ ಟಿಕ್’ ಎಂದು ಸಣ್ಣಗೆ ಕೂಗಿ ಮೈ ಅದುರಿಸುತ್ತದೆ, ಮೇಲಿನವನು ಬಿಟ್ಟುಬಿಡುತ್ತಾನೆ. ಮನೆಯಂಗಳದ ಗೋಂಕರುಕಪ್ಪೆಯ ಕಂಕುಳ ಹಿಂದೆ ಎರಡು ಬೆರಳಿನಿಂದ ಮೆಲ್ಲನೆ ಹಿಡಿದರೆ, ಅದು ಗಂಡಾಗಿದ್ದಲ್ಲಿ, ನಿಮಗೂ ಇದೇ ದೂರು ಸಲ್ಲಿಸುತ್ತದೆ. ಕೈ ತೊಳೆದು ಹಿಡಿಯಿರಿ, ತೊಳೆದ ಕೈಯಲ್ಲಿ ಸೋಪಿನ ಅಂಶ ಉಳಿದಿರಬಾರದು. ಬಿಟ್ಟ ಮೇಲೆ ಇನ್ನೊಮ್ಮೆ ತೊಳೆಯಿರಿ, ಅದರ ಬೆನ್ನಿನ ಗ್ರಂಥಿಗಳಲ್ಲಿ ವಿಷವಿದೆ.

ಕಾನುಮನೆಯವರ ಫೆಬ್ರವರಿ ಕಪ್ಪೆಗೆ ಈಗ ಬರುತ್ತೇನೆ. ನೀರಿನಿಂದ ದೂರ, ಸಂತಾನದ ಕಾಲವಲ್ಲ, ಹಗಲು, ಒಂಟಿ. ಇದನ್ನು ಮಳೆಕೂಗು ಎನ್ನುತ್ತಾರೆ. ಬೇರೆ ಬೇರೆ ದೇಶಗಳ ಮರಗಪ್ಪೆಗಳಲ್ಲಿ ಇದು ದಾಖಲಾಗಿದೆ. ಮೋಡ ಕವಿದು ತೇವ ಏರಿದಾಗ ಅಡಗುತಾಣದಿಂದಲೇ ಒಂದೆರಡು ಸಲ ಕೂಗಿ ಸುಮ್ಮನಾಗುತ್ತವೆ. ಏಕೆ ಎಂಬುದು ವಿಜ್ಞಾನಿಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ನಿಮ್ಮ ಅತ್ತೆಯವರಿಗೆ ಇಷ್ಟು ಪಾಲು ಬಿಟ್ಟುಕೊಡಲು ನನಗೆ ಅಡ್ಡಿಯಿಲ್ಲ.

ನ್ಯೂಜೆರ್ಸಿ_ಹವ್ಯಕ · ಜೂನ್ 11, ಬೆಳಿಗ್ಗೆ 8:00

ಇಲ್ಲಿ ಲೆಕ್ಕ ಮಳೆಯದಲ್ಲ, ಚಳಿಯದು. ಮಾರ್ಚ್‌ನಲ್ಲಿ ಹೊಂಡದ ಅಂಚಿನಲ್ಲಿ ಇನ್ನೂ ಮಂಜುಗಡ್ಡೆ ಇರುವಾಗಲೇ ‘ಸ್ಪ್ರಿಂಗ್ ಪೀಪರ್’ ಎಂಬ ಬೆರಳ ತುದಿಯಷ್ಟು ಕಪ್ಪೆ ಶಿಳ್ಳೆ ಹಾಕಲು ಶುರುಮಾಡುತ್ತದೆ. ಸಾವಿರಾರು ಸೇರಿದರೆ ಕಾರಿನ ಕಿಟಕಿ ಮುಚ್ಚಿದರೂ ಕೇಳಿಸುತ್ತದೆ. ಮೇಷ್ಟರು ಖರ್ಚಿನ ಮಾತು ಹೇಳಿದರಲ್ಲ, ಈ ಕಪ್ಪೆಯ ಗಂಡಿನಲ್ಲಿ ಕೂಗಲು ಬಳಸುವ ಪಕ್ಕೆಯ ಸ್ನಾಯುಗಳೇ ಮೈತೂಕದ ಸುಮಾರು ಶೇ 15ರಷ್ಟು. ಹೆಣ್ಣಿನಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ.

ಇನ್ನೊಂದು ಸೊಗಸು ಇಲ್ಲಿನ ಬೂದು ಮರಗಪ್ಪೆಯದು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಪ್ರಭೇದಗಳಿವೆ, ಬೇರೆ ಮಾಡುವುದು ಕೂಗಿನ ಮಿಡಿತದ ವೇಗದಿಂದ. ಆದರೆ ಕಪ್ಪೆ ತಣ್ಣನೆ ರಕ್ತದ ಪ್ರಾಣಿ; ಚಳಿಯಿದ್ದರೆ ಮಿಡಿತ ನಿಧಾನ, ಸೆಕೆಯಿದ್ದರೆ ವೇಗ. ಹಾಗಾದರೆ ಹೆಣ್ಣು ಮೋಸಹೋಗುವುದಿಲ್ಲವೇ? ಇಲ್ಲ. ಉಷ್ಣತೆ ಇಳಿದಂತೆ ಅವಳಿಗೆ ಹಿಡಿಸುವ ವೇಗವೂ ಇಳಿಯುತ್ತದೆ. ಕೂಗುವವನ ಗಂಟಲಿಗೂ ಕೇಳುವವಳ ಕಿವಿಗೂ ಒಂದೇ ಚಳಿ.

ಕಾನುಮನೆ · ಜೂನ್ 12, ರಾತ್ರಿ 11:05

ಸಿಕ್ಕಿತು!

ಟಾರ್ಚ್ ಆರಿಸಿ ಅಡಿಕೆ ಮರಕ್ಕೆ ಒರಗಿ ಅಲುಗಾಡದೆ ನಿಂತೆವು, ನಾನೂ ಮಗಳೂ. ಮೊದಲು ಎಲ್ಲವೂ ಸುಮ್ಮನಿದ್ದವು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಒಂದು ಶುರುಮಾಡಿತು, ಅದಕ್ಕೆ ಇನ್ನೊಂದು, ಆಮೇಲೆ ನಮ್ಮ ಪಕ್ಕದ ಬಳ್ಳಿಯದ್ದು. ಒಂದು ಕೂಗಿ ನಿಲ್ಲಿಸಿದ ಸಂದಿನಲ್ಲಿ ಮತ್ತೊಂದು ಕೂಗುತ್ತದೆ, ಒಂದರ ಮೇಲೆ ಒಂದು ಬೀಳುವುದೇ ಇಲ್ಲ. ಟಾರ್ಚಿಗೆ ಕೆಂಪು ಕಾಗದ ಸುತ್ತಿ ಸದ್ದಿನ ಕಡೆ ಹಿಡಿದೆವು.

ಮೆಣಸಿನ ಎಲೆಯ ಮೇಲೆ ಕುಳಿತಿತ್ತು. ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹಳದಿ ಮಿಶ್ರಿತ ಕಂದು, ಬೆರಳ ತುದಿಗಳು ಗುಂಡಗೆ ಅಗಲ. ಕೂಗುವ ಮುನ್ನ ಪಕ್ಕೆ ಒಳಗೆ ಸೆಳೆದುಕೊಳ್ಳುತ್ತದೆ, ಗಂಟಲ ಚೀಲ ತಲೆಗಿಂತ ದೊಡ್ಡದಾಗಿ ಉಬ್ಬುತ್ತದೆ. ಚರ್ಮ ಎಷ್ಟು ತೆಳುವೆಂದರೆ ಕೆಂಪು ಬೆಳಕು ಅದರೊಳಗಿಂದ ಈ ಬದಿಗೆ ಕಾಣುತ್ತಿತ್ತು. ‘ಟಿಣ್’ ಎಂದ ಮೇಲೂ ಚೀಲ ಪೂರ್ತಿ ಇಳಿಯುವುದಿಲ್ಲ, ಸ್ವಲ್ಪ ಉಳಿಸಿಕೊಂಡೇ ಮುಂದಿನದಕ್ಕೆ ಸಿದ್ಧವಾಗುತ್ತದೆ. ಬಾಯಿ ನಿಜವಾಗಿಯೂ ಮುಚ್ಚಿತ್ತು. ಇಷ್ಟು ಸಣ್ಣ ಪ್ರಾಣಿಯ ಸದ್ದು ಅಂಗಳಕ್ಕೆ ಮುಟ್ಟುತ್ತದೆಯೇ ಎಂದು ಮಗಳಿಗೆ ಈಗಲೂ ನಂಬಿಕೆಯಿಲ್ಲ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿದ್ದೇನೆ, ಲಗತ್ತಿಸಿದ್ದೇನೆ.

ನಿವೃತ್ತ_ಮೇಷ್ಟರು · ಜೂನ್ 13, ಬೆಳಿಗ್ಗೆ 6:30

ಭೇಷ್. ಇದು ಪೊದೆಗಪ್ಪೆ. ಕುಲದ ಹೆಸರು ‘ರಾವೋರ್ಕೆಸ್ಟಿಸ್’. ಅದರಲ್ಲಿರುವ ‘ರಾವ್’ ನಮ್ಮವರೇ: ಸಿ. ಆರ್. ನಾರಾಯಣ ರಾವ್, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು, 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಪಶ್ಚಿಮ ಘಟ್ಟದ ಹಲವು ಕಪ್ಪೆಗಳನ್ನು 1937ರಲ್ಲಿ ವಿವರಿಸಿದರು. 2010ರಲ್ಲಿ ಈ ಕುಲಕ್ಕೆ ಅವರ ಹೆಸರನ್ನು ಇಟ್ಟದ್ದು ನ್ಯಾಯವಾಗಿಯೇ ಇದೆ.

ನೀರಿಲ್ಲದ ಕಡೆ ಏಕೆ ಕೂಗುತ್ತದೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಪೊದೆಗಪ್ಪೆಗೆ ಗೊದಮೊಟ್ಟೆಯ ಹಂತವೇ ಇಲ್ಲ. ತೇವದ ತರಗೆಲೆ, ಮಣ್ಣು, ಕೆಲವು ಪ್ರಭೇದಗಳಲ್ಲಿ ಓಟೆ ಬಿದಿರಿನ ಒಳಗೆ ಮೊಟ್ಟೆ. ಒಳಗೇ ಬೆಳೆದು ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತದೆ. ಹೊಂಡ ತುಂಬಲೆಂದು ಕಾಯುವ ಹಂಗಿಲ್ಲ, ಮಣ್ಣು ನೆನೆದರೆ ಸಾಕು. ತೋಟದಮಾವನವರು ಭರಣಿ ಮಳೆಗೆ ಗಿಡದ ಮೇಲಿನವು ಶುರುಮಾಡುತ್ತವೆ, ಗದ್ದೆಯವು ನೀರು ನಿಲ್ಲುವವರೆಗೆ ಕಾಯುತ್ತವೆ ಎಂದರಲ್ಲ, ಅದರ ಗುಟ್ಟು ಇದೇ.

ಪ್ರಭೇದ ಯಾವುದೆಂದು ಧ್ವನಿಮುದ್ರಣ ಕೇಳಿ ಹೇಳುವ ಧೈರ್ಯ ಮಾಡಲಾರೆ. ಈ ಕುಲದಲ್ಲಿ ಒಂದೇ ಥರ ಕಾಣುವವು ಬಹಳ. ಒಂದೇ ಪ್ರಭೇದದಲ್ಲಿ ಬಣ್ಣ ಬೇರೆ ಬೇರೆ ಇರುವವೂ ಇವೆ. 2014ರಲ್ಲಿ ಒಂದೇ ಪ್ರಬಂಧದಲ್ಲಿ ಒಂಬತ್ತು ಹೊಸ ಪೊದೆಗಪ್ಪೆಗಳನ್ನು ವಿವರಿಸಿದಾಗ ವಂಶವಾಹಿ, ಮೈಕಟ್ಟು, ಸಿಗುವ ಜಾಗದ ಜೊತೆಗೆ ಕೂಗನ್ನೂ ಒರೆಗೆ ಹಚ್ಚಿದ್ದರು. ಕೂಗು ಸೇರಿದ್ದರಿಂದ ಈ ಕೆಲಸ ಎಷ್ಟೋ ಹಸನಾಯಿತು ಎಂದೇ ನನ್ನ ಎಣಿಕೆ.

ಸರದಿಯ ಮೇಲೆ ಕೂಗುವುದನ್ನು ನೀವು ಚೆನ್ನಾಗಿ ಗಮನಿಸಿದ್ದೀರಿ. ಎರಡು ಕೂಗು ಒಂದರ ಮೇಲೊಂದು ಬಿದ್ದರೆ ಹೆಣ್ಣಿಗೆ ಎರಡೂ ಸ್ಪಷ್ಟವಾಗುವುದಿಲ್ಲ, ನಷ್ಟ ಇಬ್ಬರಿಗೂ. ಒಂದೇ ತೋಟದಲ್ಲಿ ಬೇರೆ ಬೇರೆ ಪ್ರಭೇದಗಳು ಸೇರಿದಾಗ ಶ್ರುತಿ, ಎತ್ತರ, ಹೊತ್ತು ಹಂಚಿಕೊಳ್ಳುತ್ತವೆ: ನೆಲದಲ್ಲಿ ಒಬ್ಬರು, ಪೊದೆಯಲ್ಲಿ ಒಬ್ಬರು, ಮುಸ್ಸಂಜೆಗೆ ಒಬ್ಬರು, ನಡುರಾತ್ರಿಗೆ ಇನ್ನೊಬ್ಬರು.

ಸಿದ್ದಾಪುರದವ · ಜೂನ್ 13, ಮಧ್ಯಾಹ್ನ 12:40

ಸದ್ದು ಮಾಡಿದರೂ ಕೇಳಿಸದ ಜಾಗದಲ್ಲಿ ಏನು ಮಾಡುತ್ತವೆ? ನಮ್ಮ ಸೀಮೆಗೆ ಬನ್ನಿ, ತೋರಿಸುತ್ತೇನೆ. ಹೊನ್ನಾವರ ದಾರಿಯಲ್ಲಿ ಕತ್ತಲೆಕಾನು ಇದೆ, ರಾಮಪತ್ರೆ ಮರಗಳ ಜಡ್ಡಿ, ಎಂದರೆ ಜೌಗು ಕಾಡು. ಅಲ್ಲಿಯ ತೊರೆಗಳಲ್ಲಿ ಬಂಡೆಯ ಮೇಲೆ ಕೂರುವ ಸಣ್ಣ ಕಂದು ಕಪ್ಪೆ ಹಗಲು ಹೊತ್ತಿನದು. ನೀರಿನ ಭೋರ್ಗರೆತದಲ್ಲಿ ಕೂಗೊಂದೇ ಸಾಲದು. ಅದಕ್ಕೆ ಗಂಡು ಮೊದಲು ಬಿಳಿ ಗಂಟಲಚೀಲ ಉಬ್ಬಿಸಿ ಕೂಗುತ್ತದೆ, ಕೂಡಲೇ ಹಿಂಗಾಲೊಂದನ್ನು ಪಕ್ಕಕ್ಕೆ ಚಾಚಿ ಬೆರಳುಗಳನ್ನು ಅಗಲಿಸಿ ಮಡಚಿಕೊಳ್ಳುತ್ತದೆ. ಆಮೇಲೆ ಇನ್ನೊಂದು ಕಾಲು. ಎದುರು ಬಂಡೆಯ ಗಂಡೂ ಹಾಗೆಯೇ ಉತ್ತರ ಕೊಡುತ್ತದೆ. ಇದನ್ನೇ ‘ಕುಣಿಯುವ ಕಪ್ಪೆ’ ಎನ್ನುವುದು. ವಿಯೆನ್ನಾದ ಸಂಶೋಧಕರು ಇಲ್ಲಿಯೇ ಅಧ್ಯಯನ ಮಾಡಿ 2013ರಲ್ಲಿ ಬರೆದರು: ಕೂಗು ‘ಇತ್ತ ನೋಡು’ ಎನ್ನುವುದಕ್ಕೆ, ಕಾಲು ಮಿಕ್ಕಿದ್ದನ್ನು ಹೇಳುವುದಕ್ಕೆ. ಆಗ ಅದಕ್ಕೆ ಬೇರೆ ಹೆಸರಿತ್ತು, ಈಗ ಕೊಟ್ಟಿಗೆಹಾರದ ಹೆಸರಿನಿಂದ ಕರೆಯುತ್ತಾರೆ. ಆ ಹೆಸರನ್ನು 1937ರಲ್ಲಿ ಕೊಟ್ಟವರೂ ಮೇಷ್ಟರು ಹೇಳಿದ ನಾರಾಯಣ ರಾಯರೇ.

ಅದೇ ಕಾಡಿನಲ್ಲಿ ಕುಂಬಾರ ಕಪ್ಪೆಯೂ ಇದೆ, 2014ರಲ್ಲಿ ಹೆಸರು ಪಡೆದದ್ದು. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಹಿಂಗಾಲಲ್ಲಿ ನಿಂತು, ಮುಂಗಾಲಲ್ಲಿ ತೊರೆಯ ಕೆಸರು ತಂದು ಮೊಟ್ಟೆಗೆ ಮೆತ್ತುತ್ತದೆ. ಕೂಗಿ ಕರೆದ ಮೇಲೆ ಜವಾಬ್ದಾರಿಯನ್ನೂ ಹೊರುವ ಗಂಡು ಅಪರೂಪ. ಇದನ್ನು ನಮ್ಮ ಮನೆಯಲ್ಲಿ ಓದಿ ಹೇಳಬಾರದಿತ್ತು.

ಮುರಕಲ್ಲು · ಜೂನ್ 13, ಸಂಜೆ 7:15

ಹೆಣ್ಣು ಕಪ್ಪೆ ಕೂಗುವುದೇ ಇಲ್ಲವೇ ಮೇಷ್ಟರೇ? ನೀವು ‘ಬಹುಮಟ್ಟಿಗೆ’ ಎಂದು ಬಾಗಿಲು ತೆರೆದೇ ಇಟ್ಟಿದ್ದೀರಿ.

ನಿವೃತ್ತ_ಮೇಷ್ಟರು · ಜೂನ್ 13, ರಾತ್ರಿ 8:00

ಕೂಗುತ್ತದೆ, ಕೆಲವೇ ಪ್ರಭೇದಗಳಲ್ಲಿ. ಮಹಾರಾಷ್ಟ್ರದ ಘಟ್ಟಗಳಲ್ಲಿರುವ ಬಾಂಬೆ ಇರುಳುಗಪ್ಪೆಯ ಹೆಣ್ಣು ಕೂಗುವುದು 2016ರ ಅಧ್ಯಯನದಲ್ಲಿ ವರದಿಯಾಯಿತು. ಆ ಹೊತ್ತಿಗೆ ಜಗತ್ತಿನಲ್ಲಿ ಹೆಣ್ಣು ಕೂಗುತ್ತದೆ ಎಂದು ಗೊತ್ತಿದ್ದದ್ದು ಸುಮಾರು 25 ಪ್ರಭೇದಗಳಲ್ಲಿ ಮಾತ್ರ. ಚೀನಾದಲ್ಲಿ ತೊರೆಯ ಬದಿಯ ಒಂದು ಕಪ್ಪೆಯ ಹೆಣ್ಣೂ ಕೂಗುತ್ತದೆ. ಅದರ ಗಂಡಿನ ಕೂಗು ಮನುಷ್ಯರ ಕಿವಿಗೆ ಎಟುಕದ ಶ್ರುತಿಗೂ ಏರುತ್ತದೆ. ನೀರಿನ ಮೊರೆತ ತಗ್ಗಿನ ಶ್ರುತಿಯದು, ಇದು ಅದರ ಮೇಲೆ ಹಾದುಹೋಗುತ್ತದೆ. ಸಿದ್ದಾಪುರದ ಕಪ್ಪೆ ಕಾಲಿನಿಂದ ಬಿಡಿಸಿದ ಲೆಕ್ಕವನ್ನು ಅದು ಗಂಟಲಿನಿಂದ ಬಿಡಿಸಿದೆ.

ಆದರೆ ಹೆಣ್ಣು ಸುಮ್ಮನಿದ್ದರೂ ತೀರ್ಮಾನ ಅವಳದೇ. ಪನಾಮಾದ ತುಂಗಾರಾ ಕಪ್ಪೆಯ ಗಂಡು ಒಂದು ಎಳೆತದ ಕೂಗಿನ ಕೊನೆಗೆ ‘ಚಕ್’ ಸೇರಿಸಿದರೆ ಹೆಣ್ಣಿಗೆ ಹೆಚ್ಚು ಇಷ್ಟ. ಅಲ್ಲಿಯ ಕಪ್ಪೆ ತಿನ್ನುವ ಬಾವಲಿಗೂ ಅದೇ ‘ಚಕ್’ ಇಷ್ಟ. ಹಾಗಾಗಿ ಒಂಟಿಯಾಗಿರುವ ಗಂಡು ಸಾಮಾನ್ಯವಾಗಿ ‘ಚಕ್’ ಹಾಕುವ ಗೋಜಿಗೆ ಹೋಗುವುದಿಲ್ಲ. ಪಕ್ಕದಲ್ಲಿ ಪೈಪೋಟಿಗೆ ಇನ್ನೊಬ್ಬ ಶುರುಮಾಡಿದರೆ ಪ್ರಾಣದ ಹಂಗು ತೊರೆಯುತ್ತದೆ. ಕೂಗದೆಯೇ ಕೂಗುವವನ ಪಕ್ಕ ಅಡಗಿ ಕುಳಿತು, ಬಂದ ಹೆಣ್ಣನ್ನು ದಾರಿಯಲ್ಲೇ ಹಿಡಿಯಲು ನೋಡುವ ಗಂಡುಗಳೂ ಹಲವು ಪ್ರಭೇದಗಳಲ್ಲಿವೆ.

ತೋಟದಮಾವ · ಜೂನ್ 14, ಬೆಳಿಗ್ಗೆ 7:45

ಅಂಥವರನ್ನು ಊರಿನಲ್ಲೂ ಕಂಡಿದ್ದೇನೆ.

ಮೇಷ್ಟರೇ, ಮಣ್ಣು ನೆನೆದರೆ ಸಾಕು ಎಂಬ ನಿಮ್ಮ ಮಾತು ಒಪ್ಪಿದೆ. ಒಂದು ಮಾತ್ರ ಹೇಳಿ: ಐದಾರು ವರ್ಷಗಳಿಂದ ನಮ್ಮ ತೋಟದಲ್ಲಿ ಗಿಡದ ಮೇಲಿನವು ಕಡಿಮೆಯಾಗಿವೆ. ಮಳೆ ಇದೆ, ಸದ್ದಿಲ್ಲ.

ನಿವೃತ್ತ_ಮೇಷ್ಟರು · ಜೂನ್ 14, ಬೆಳಿಗ್ಗೆ 9:10

ತೋಟದ ಬುಡಕ್ಕೆ ಸೊಪ್ಪು ಹಾಕುವುದನ್ನು ನಿಲ್ಲಿಸಿದ್ದೀರಾ? ಕಳೆನಾಶಕ ಹೊಡೆಯುತ್ತೀರಾ? ತರಗೆಲೆ ಇಲ್ಲದ ಬೋಳು ನೆಲದಲ್ಲಿ ಪೊದೆಗಪ್ಪೆಯ ಮೊಟ್ಟೆ ಒಣಗುತ್ತದೆ.

ತೋಟದಮಾವ · ಜೂನ್ 14, ಬೆಳಿಗ್ಗೆ 9:25

ಕೆಲಸಕ್ಕೆ ಜನ ಸಿಗುವುದಿಲ್ಲ ಮೇಷ್ಟರೇ. ಸೊಪ್ಪು ಕಡಿಯುವವರು ಯಾರು? ಕಳೆಗೆ ಔಷಧ ಹೊಡೆಸುತ್ತಿರುವುದು ನಿಜ. ಹೊಳೆಯ ಬದಿಯ ಅರ್ಧ ಎಕರೆಗೆ ಈ ವರ್ಷ ಹೊಡೆಸದೆ ನೋಡುತ್ತೇನೆ.

ನಿರ್ವಾಹಕ · ಜೂನ್ 14, ಬೆಳಿಗ್ಗೆ 11:00

2019ರಲ್ಲಿ ಉಡುಪಿಯಲ್ಲಿ ಮಳೆಗಾಗಿ ಮಾಡಿಸಿದ ಕಪ್ಪೆ ಮದುವೆ, ಅದೇ ವರ್ಷ ಭೋಪಾಲದಲ್ಲಿ ಮಳೆ ಹೆಚ್ಚಾಯಿತೆಂದು ಮಾಡಿಸಿದ ಕಪ್ಪೆ ವಿಚ್ಛೇದನ, ಇವೆರಡರ ಮೇಲೆ ನಡೆದ ಜಗಳದ ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಲಾಗಿದೆ. ಇಲ್ಲಿ ವಿಷಯದ ಮೇಲೆಯೇ ಇರಿ. ನಿಮ್ಮನ್ನೆಲ್ಲ ಒಂದು ಕಡೆ ಹಿಡಿದಿಡುವುದು ಕಪ್ಪೆ ತೂಗಿದ ಹಾಗಾಗಿದೆ.

ಬಡಾವಣೆ_ನಿವಾಸಿ · ಜೂನ್ 16, ರಾತ್ರಿ 9:30

ಮೇಷ್ಟರು ಹೇಳಿದಂತೆಯೇ ಸದ್ದು ನಿಂತಿದೆ. ಪಾಯದ ಹೊಂಡದಲ್ಲಿ ಈಗ ಕಪ್ಪು ಚುಕ್ಕೆಗಳು ಓಡಾಡುತ್ತಿವೆ. ನಾಳೆ ಸೊಳ್ಳೆಗೆ ಔಷಧ ಸಿಂಪಡಿಸಲು ಬರುತ್ತಾರಂತೆ. ಏನು ಹೇಳಲಿ?

ನಿವೃತ್ತ_ಮೇಷ್ಟರು · ಜೂನ್ 16, ರಾತ್ರಿ 9:50

ಆ ಹೊಂಡ ಬಿಟ್ಟುಬಿಡಿ ಎನ್ನಿ. ಗೂಳಿಗಪ್ಪೆಯ ಗೊದಮೊಟ್ಟೆ ಮಾಂಸಾಹಾರಿ, ಸೊಳ್ಳೆಯ ಮರಿಗಳನ್ನೂ ತಿನ್ನುತ್ತದೆ. ಅದು ಸಾಲದೆ ತನ್ನ ಒಡಹುಟ್ಟಿದವರನ್ನೂ ತಿನ್ನುತ್ತದೆ, ಆ ವಿಷಯ ಅವರಿಗೆ ಹೇಳುವ ಅಗತ್ಯವಿಲ್ಲ.

ಬಡಾವಣೆ_ನಿವಾಸಿ · ಜೂನ್ 17, ಬೆಳಿಗ್ಗೆ 10:20

ಹೇಳಿದೆ. ಅರ್ಜಿ ಬರೆದು ಕೊಡಿ ಎಂದರು. ಬರೆಯುತ್ತಿದ್ದೇನೆ, ವೈಜ್ಞಾನಿಕ ಹೆಸರಿನ ಕಾಗುಣಿತ ಒಮ್ಮೆ ನೋಡಿಕೊಡಿ.